ನಾಲ್ವರು ಬರೆದ ಪೇಪರ್ ಎಣಿಕೆಯಲ್ಲಿ ಒಂದೋ, ನಾಲ್ಕೋ? ಸೈಟೇಷನ್ ಲೆಕ್ಕದ ಗೊಂದಲ

ಪಟ್ಟಿಗಾರ ಕೇಳಿದ್ದು:

ವಿಜ್ಞಾನ ನಿಕಾಯದ 38 ಅಧ್ಯಾಪಕರು 2018ರಿಂದ 2022ರವರೆಗೆ ಪ್ರಕಟಿಸಿದ ಪೇಪರುಗಳ ಲೆಕ್ಕ ಸಿದ್ಧವಾಗಬೇಕು. ಎಲ್ಲರ ಪಟ್ಟಿಯನ್ನೂ ಒಂದೇ ಎಕ್ಸೆಲ್ ಹಾಳೆಗೆ ಸುರಿದಾಗ 640 ಸಾಲು ಬಂತು, ನಿಜಕ್ಕೂ ಅಷ್ಟು ಪೇಪರ್ ಇಲ್ಲ. ನಮ್ಮವರು ಮೂವರು, ಹೊರಗಿನವರೊಬ್ಬರು ಸೇರಿ ಬರೆದದ್ದನ್ನು ಹೇಗೆ ಎಣಿಸಬೇಕು? ಮೊದಲ ಲೇಖಕರಿಗೆ ಹೆಚ್ಚು ಅಂಕ ಕೊಡಿ ಎಂಬ ಒತ್ತಾಯ ಬೇರೆ. ಸೈಟೇಷನ್, ಅಂದರೆ ಬೇರೆ ಪೇಪರುಗಳಲ್ಲಿ ಬಂದ ಉಲ್ಲೇಖ, ಎಣಿಸುವ ತಾಣಗಳೂ ಒಂದೇ ಮಾತು ಹೇಳುವುದಿಲ್ಲ: ಒಬ್ಬರದೇ ಎಚ್-ಇಂಡೆಕ್ಸ್ (ತಲಾ ಕನಿಷ್ಠ ಎಚ್ ಸೈಟೇಷನ್ ಇರುವ ಪೇಪರುಗಳು ಎಚ್ ಇವೆ ಎಂಬ ಅಳತೆ) ಗೂಗಲ್ ಸ್ಕಾಲರ್‌ನಲ್ಲಿ 19, ಸ್ಕೋಪಸ್‌ನಲ್ಲಿ 13, ವೆಬ್ ಆಫ್ ಸೈನ್ಸ್‌ನಲ್ಲಿ 11 ಎಂದಿದೆ. ಯಾವುದನ್ನು ಬರೆಯುವುದು? ಗಣಿತದವರನ್ನೂ ಜೀವರಸಾಯನದವರನ್ನೂ ಒಂದೇ ಪಟ್ಟಿಯಲ್ಲಿ ಹೋಲಿಸಬಹುದೇ?

ಭಿನ್ನರಾಶಿ ಉತ್ತರ:

ಡೇಟಾ ಇಳಿಸಿಕೊಳ್ಳುವ ಮೊದಲೇ ಎಣಿಕೆಯ ಕ್ರಮ ಯಾವುದೆಂದು ಬರೆದು ಒಪ್ಪಿಗೆ ತೆಗೆದುಕೊಳ್ಳಿ. ಅಂಕಿ ಕಣ್ಣಿಗೆ ಬಿದ್ದ ಮೇಲೆ ಪ್ರತಿಯೊಬ್ಬರಿಗೂ ತಮಗೆ ಲಾಭವಾಗುವ ಕ್ರಮವೇ ನ್ಯಾಯ ಅನಿಸುತ್ತದೆ.

ನೀವು ಹೇಳಿದ ಪೇಪರನ್ನೇ ನೋಡಿ. ಲೇಖಕರು ನಾಲ್ವರು, ಅದರಲ್ಲಿ ಮೂವರು ನಿಮ್ಮವರು, ಸೈಟೇಷನ್ 20 ಎಂದುಕೊಳ್ಳೋಣ. ತಲೆಗೊಂದರಂತೆ ಎಣಿಸಿ ಕೂಡಿಸಿದರೆ 3 ಪೇಪರ್, 60 ಸೈಟೇಷನ್. ನಿಕಾಯವನ್ನೇ ಒಂದು ಘಟಕ ಎಂದುಕೊಂಡರೆ 1 ಪೇಪರ್, 20 ಸೈಟೇಷನ್. ಲೇಖಕರ ಸಂಖ್ಯೆಯಿಂದ ಭಾಗಿಸಿ ಹಂಚಿದರೆ, ಅಂದರೆ ಭಿನ್ನರಾಶಿ ಕ್ರಮದಲ್ಲಿ, ನಿಮ್ಮ ಮೂವರ ಪಾಲು 0.75 ಮತ್ತು 15. ಮೂರೂ ಚಾಲ್ತಿಯಲ್ಲಿರುವ ಕ್ರಮಗಳೇ. ಬೆರೆಸಿದಾಗ ಮಾತ್ರ ಕೆಡುತ್ತದೆ: ಪೇಪರನ್ನು ಎರಡನೆಯ ಕ್ರಮದಲ್ಲಿ, ಸೈಟೇಷನ್ನನ್ನು ಮೊದಲನೆಯದರಲ್ಲಿ ಎಣಿಸಿದರೆ ಈ ಒಂದು ಪೇಪರಿಗೆ 60 ಸೈಟೇಷನ್ ಬಂದಂತೆ ಕಾಣುತ್ತದೆ. ತಾಳೆ ನೋಡುವುದು ಸುಲಭ. ಭಿನ್ನರಾಶಿ ಕ್ರಮದಲ್ಲಿ ಹೊರಗಿನ ಲೇಖಕರ ಪಾಲನ್ನೂ ಸೇರಿಸಿ ಕೂಡಿದರೆ ಪೇಪರುಗಳ ಸಂಖ್ಯೆಗೆ ಸರಿಯಾಗಿ ಕೂಡಬೇಕು. ಹೆಚ್ಚು ಬಂದರೆ ಎಲ್ಲೋ ಒಂದೇ ಪೇಪರ್ ಎರಡು ಸಲ ಕೂತಿದೆ, ಕಡಿಮೆ ಬಂದರೆ ಲೇಖಕರ ಹೆಸರು ಬಿಟ್ಟುಹೋಗಿದೆ.

ಮೊದಲ ಲೇಖಕರಿಗೆ ಹೆಚ್ಚು ಕೊಡಲು ಹಾರ್ಮೋನಿಕ್ ಎಣಿಕೆ ಅಂತ ಒಂದಿದೆ. 1, 1/2, 1/3, 1/4 ಎಂದು ಬರೆದು ಮೊತ್ತವಾದ 2.083ರಿಂದ ಭಾಗಿಸಿದರೆ ನಾಲ್ವರಿಗೆ 0.48, 0.24, 0.16, 0.12 ಬರುತ್ತದೆ. ನಿಮ್ಮ ಪಟ್ಟಿಗೆ ಇದು ಬೇಡ. ಗಣಿತದಲ್ಲಿ ಹೆಸರುಗಳು ಸಾಮಾನ್ಯವಾಗಿ ಅಕ್ಷರಾನುಕ್ರಮದಲ್ಲಿ ಬರುತ್ತವೆ. ಅಲ್ಲಿ ಈ ತೂಕ ಹಾಕಿದರೆ ಹೆಸರಿನ ಮೊದಲ ಅಕ್ಷರಕ್ಕೆ ಬಹುಮಾನ ಕೊಟ್ಟ ಹಾಗೆ. ಜೀವವಿಜ್ಞಾನದಲ್ಲಿ ಪ್ರಯೋಗಾಲಯದ ಮುಖ್ಯಸ್ಥರು ಕೊನೆಯಲ್ಲಿರುವುದು ರೂಢಿ, ಅವರ ಪಾಲಿಗೆ 0.12. ಸಮಪಾಲಿನ ಭಿನ್ನರಾಶಿಗೂ ಕುಂದಿದೆ, ಆದರೆ ಅದು ಎಲ್ಲರಿಗೂ ಒಂದೇ ತೆರನಾದ ಕುಂದು.

ಪೇಪರಿನಲ್ಲಿ ಪ್ರತಿ ಲೇಖಕರ ಪಾತ್ರ ಹೆಸರಿಸುವ ಕ್ರೆಡಿಟ್ (CRediT) ಪದ್ಧತಿಯ 14 ಪಾತ್ರಗಳನ್ನು ಅಂಕವಾಗಿ ಪರಿವರ್ತಿಸೋಣ ಎಂದು ಯಾರಾದರೂ ಹೇಳಿಯಾರು. ಅದು ಯಾರು ಏನು ಮಾಡಿದರು ಎಂದು ಹೇಳುತ್ತದೆಯೇ ಹೊರತು ಎಷ್ಟು ಪಾಲು ಎಂದಲ್ಲ. ಧನಸಹಾಯ ತಂದದ್ದೂ ಒಂದು ಪಾತ್ರ, ಮೊದಲ ಕರಡು ಬರೆದದ್ದೂ ಒಂದು ಪಾತ್ರ. ಎರಡಕ್ಕೂ 1/14 ಕೊಡುವುದಕ್ಕೆ ಅರ್ಥವಿಲ್ಲ.

ನೂರಕ್ಕೂ ಹೆಚ್ಚು ಲೇಖಕರಿರುವ ಪೇಪರುಗಳಿದ್ದರೆ ಬೇರೆ ಕೋಷ್ಟಕದಲ್ಲಿಡಿ. ಹಿಗ್ಸ್ ಬೋಸಾನ್ ದ್ರವ್ಯರಾಶಿಯ ಕುರಿತ 2015ರ ಪೇಪರಿನಲ್ಲಿ 5,154 ಲೇಖಕರಿದ್ದಾರೆ. ಭಿನ್ನರಾಶಿಯಲ್ಲಿ ತಲಾ 0.0002, ತಲೆಗೊಂದರಂತೆ ಎಣಿಸಿದರೆ ಪ್ರತಿಯೊಬ್ಬರಿಗೂ ಒಂದೊಂದು ಇಡೀ ಪೇಪರ್. ಯಾವ ಕ್ರಮ ಹಿಡಿದರೂ ಅಂತಹ ಒಂದು ಸಾಲು ಉಳಿದ ಲೆಕ್ಕವನ್ನು ಎಳೆದಾಡುತ್ತದೆ.

ಡಿಒಐ_ದುರಸ್ತಿ ಉತ್ತರ:

ಕ್ರಮ ಯಾವುದಾದರೂ ಆಗಲಿ, ಆ 640 ಸಾಲು ಮೊದಲು ಶುದ್ಧವಾಗಬೇಕು. ಡಿಒಐಯಲ್ಲಿ (ಪೇಪರಿನ ಶಾಶ್ವತ ಗುರುತಿನ ಸಂಕೇತ) ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಎಲ್ಲವನ್ನೂ ಚಿಕ್ಕಕ್ಷರಕ್ಕೆ ತಿರುಗಿಸಿ, ಮುಂದಿರುವ ವೆಬ್ ವಿಳಾಸದ ಭಾಗವನ್ನೂ ಕೊನೆಯಲ್ಲಿ ಅಂಟಿರುವ ಚುಕ್ಕಿ, ಖಾಲಿ ಜಾಗಗಳನ್ನೂ ಕತ್ತರಿಸಿ. ಆಮೇಲಷ್ಟೇ ನಕಲು ಹುಡುಕಿ. ಡಿಒಐ ಇಲ್ಲದ ಸಾಲುಗಳಿಗೆ ಶೀರ್ಷಿಕೆಯಿಂದ ವಿರಾಮಚಿಹ್ನೆಗಳನ್ನು ತೆಗೆದು, ಮೊದಲ ಲೇಖಕರ ಕುಲನಾಮದ ಜೊತೆ ಹೋಲಿಸಿ. ವರ್ಷ ಒಂದು ಆಚೀಚೆ ಇದ್ದರೂ ಒಂದೇ ಎಂದು ಹಿಡಿಯಿರಿ. ಡಿಸೆಂಬರ್‌ನಲ್ಲಿ ಆನ್‌ಲೈನ್ ಬಂದು ಮರುವರ್ಷದ ಸಂಪುಟ ಸೇರುವ ಪೇಪರುಗಳು ಬಹಳ. 2022ರ ಗಡಿಯಲ್ಲಿ ಯಾವ ದಿನಾಂಕ ಗಣನೆಗೆ ಎಂಬುದನ್ನೂ ಈಗಲೇ ತೀರ್ಮಾನಿಸಿ.

ಈ ಜರಡಿಯಲ್ಲಿ ಸಿಕ್ಕದೆ ಉಳಿಯುವುದು ಪ್ರಿಪ್ರಿಂಟ್, ಅಂದರೆ ಪತ್ರಿಕೆಯಲ್ಲಿ ಪ್ರಕಟವಾಗುವ ಮೊದಲೇ ಹಂಚಿಕೊಂಡ ಕರಡು. ಅದಕ್ಕೂ ಪ್ರಕಟಿತ ರೂಪಕ್ಕೂ ಬೇರೆ ಬೇರೆ ಡಿಒಐ, ಕೆಲವೊಮ್ಮೆ ಶೀರ್ಷಿಕೆಯೂ ಬದಲಾಗಿರುತ್ತದೆ. ಇವನ್ನು ಕೈಯಲ್ಲೇ ಜೋಡಿಸಬೇಕು, ಬೇರೆ ದಾರಿಯಿಲ್ಲ. ತಿದ್ದುಪಡಿ ಸೂಚನೆಗಳಿಗೂ ಸ್ವಂತ ಡಿಒಐ ಇರುತ್ತದೆ. ಅವು ಪೇಪರುಗಳಲ್ಲ, ತೆಗೆದುಬಿಡಿ.

ಎಕ್ಸೆಲ್ ಬಗ್ಗೆ ಒಂದು ಎಚ್ಚರಿಕೆ. ಸಂಶೋಧಕರ ಗುರುತಾದ ಆರ್ಕಿಡ್ (ORCID) ಸಂಖ್ಯೆ 16 ಸ್ಥಾನದ್ದು, ನಡುವಿನ ಅಡ್ಡಗೆರೆ ತೆಗೆದು ಹಾಕಿದರೆ ಎಕ್ಸೆಲ್ ಅದನ್ನು ಅಂಕಿಯೆಂದು ತಿಳಿದು ಮುಂದಿನ ಸೊನ್ನೆಗಳನ್ನು ನುಂಗಿಬಿಡುತ್ತದೆ. ಕೊನೆಯ ಸ್ಥಾನದಲ್ಲಿ ಕೆಲವರಿಗೆ ಎಕ್ಸ್ ಅಕ್ಷರವಿರುತ್ತದೆ, ಅದು ಟೈಪಿಂಗ್ ತಪ್ಪಲ್ಲ, ತಾಳೆ ನೋಡುವ ಚಿಹ್ನೆ. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟು ಆಮೇಲೆ ಡೇಟಾ ಅಂಟಿಸಿ.

ಇನ್ನು 19, 13, 11. ಮೂರೂ ಸರಿ, ಮೂರರ ಜರಡಿ ಬೇರೆ. ಗೂಗಲ್ ಸ್ಕಾಲರ್ ಮಹಾಪ್ರಬಂಧ, ವರದಿ, ಪ್ರಿಪ್ರಿಂಟ್ ಎಲ್ಲದರಿಂದಲೂ ಸೈಟೇಷನ್ ಹೆಕ್ಕುತ್ತದೆ. ಸ್ಕೋಪಸ್, ವೆಬ್ ಆಫ್ ಸೈನ್ಸ್ ತಾವು ಆಯ್ದ ಮೂಲಗಳನ್ನಷ್ಟೇ ಎಣಿಸುತ್ತವೆ. 38 ಜನರಿಗೂ ಒಂದೇ ಮೂಲ, ಡೇಟಾ ತೆಗೆದ ದಿನಾಂಕ ಸಹಿತ. ಒಬ್ಬರಿಗೆ ಸ್ಕಾಲರ್, ಇನ್ನೊಬ್ಬರಿಗೆ ಸ್ಕೋಪಸ್ ಎಂದಾದರೆ ಆ ಕಾಲಂಗೆ ಬೆಲೆಯಿಲ್ಲ. ಸ್ಕೋಪಸ್‌ನಲ್ಲಿ ಒಬ್ಬರದೇ ಎರಡು ಪ್ರೊಫೈಲ್ ಆಗಿರುವುದು ಮಾಮೂಲು: ಇನಿಷಿಯಲ್ ಹೆಸರಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ. ಮೊದಲು ಅವನ್ನು ವಿಲೀನ ಮಾಡಿಸಿ. ಒಂದು ಪ್ರೊಫೈಲಿನಲ್ಲಿ ಎಚ್ 9, ಇನ್ನೊಂದರಲ್ಲಿ 6 ಇದ್ದರೆ ವಿಲೀನದ ನಂತರ 15 ಎಂದು ಬರೆಯಬೇಡಿ. ಪೇಪರುಗಳನ್ನು ಮತ್ತೆ ಸಾಲಾಗಿ ಜೋಡಿಸಿಯೇ ಎಣಿಸಬೇಕು.

ಸರಾಸರಿ_ಸಂಶಯ ಉತ್ತರ:

ಎಚ್-ಇಂಡೆಕ್ಸನ್ನು ಈ ವರದಿಯಿಂದ ತೆಗೆದೇ ಬಿಡಿ ಎನ್ನುತ್ತೇನೆ. 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಅದನ್ನು ಸೂಚಿಸಿದ್ದು ಒಬ್ಬ ವ್ಯಕ್ತಿಯ ಒಟ್ಟು ವೃತ್ತಿಜೀವನಕ್ಕೆ, ಐದು ವರ್ಷದ ತುಂಡಿಗಲ್ಲ. ಒಬ್ಬರ ಪೇಪರುಗಳಿಗೆ 25, 18, 9, 6, 5, 4, 2 ಸೈಟೇಷನ್ ಇವೆ ಎನ್ನಿ. ಐದನೆಯದಕ್ಕೆ 5 ಇದೆ, ಆರನೆಯದಕ್ಕೆ 4 ಮಾತ್ರ, ಆದ್ದರಿಂದ ಎಚ್ 5. ಮೊದಲ ಪೇಪರಿನ 25 ನಾಳೆ 250 ಆದರೂ ಎಚ್ ಕದಲದು. ಜಿ-ಇಂಡೆಕ್ಸ್ ಇದನ್ನು ಸರಿಪಡಿಸಲು 2006ರಲ್ಲಿ ಬಂತು. ಮೊದಲ ಜಿ ಪೇಪರುಗಳ ಒಟ್ಟು ಸೈಟೇಷನ್ ಜಿಯ ವರ್ಗಕ್ಕಿಂತ ಕಡಿಮೆಯಿರಬಾರದು. ಇಲ್ಲಿ ಪೇಪರುಗಳೇ ಏಳು, ಅವುಗಳ ಮೊತ್ತ 69, ಏಳರ ವರ್ಗ 49, ಹಾಗಾಗಿ ಜಿ 7.

ಗಣಿತ ಮತ್ತು ಜೀವರಸಾಯನವನ್ನು ನೇರವಾಗಿ ಹೋಲಿಸಲಾಗದು. ಗಣಿತದ ಪೇಪರಿನ ಕೊನೆಯ ಉಲ್ಲೇಖಪಟ್ಟಿ ಗಿಡ್ಡ, ಸೈಟೇಷನ್ ಬರುವುದೂ ನಿಧಾನ. ಪ್ರತಿ ಪೇಪರನ್ನೂ ಅದೇ ಕ್ಷೇತ್ರ, ಅದೇ ವರ್ಷ, ಅದೇ ಬಗೆಯ ಪೇಪರುಗಳ ಜಾಗತಿಕ ಸರಾಸರಿಯಿಂದ ಭಾಗಿಸಬೇಕು. ಸ್ಕೋಪಸ್ ಡೇಟಾದ ಮೇಲೆ ಲೆಕ್ಕ ಹಾಕುವ, ಕ್ಷೇತ್ರಕ್ಕೆ ತಕ್ಕಂತೆ ಸರಿದೂಗಿಸಿದ ಸೈಟೇಷನ್ ಅಳತೆಯಾದ ಎಫ್‌ಡಬ್ಲ್ಯುಸಿಐ ಮಾಡುವುದು ಇದನ್ನೇ, 1.00 ಅಂದರೆ ಜಾಗತಿಕ ಸರಾಸರಿ. ರಿವ್ಯೂಗಳನ್ನು (ಹಿಂದಿನ ಸಂಶೋಧನೆಗಳ ಸಮೀಕ್ಷೆ ಮಾಡುವ ಪೇಪರು) ರಿವ್ಯೂಗಳ ಜೊತೆಗೇ ಹೋಲಿಸಿ, ಅವಕ್ಕೆ ಸೈಟೇಷನ್ ಸಹಜವಾಗಿಯೇ ಹೆಚ್ಚು.

ಭಾಗಿಸುವ ಹಂತದಲ್ಲೇ ಜನ ಎಡವುವುದು. ಒಂದು ಪೇಪರಿಗೆ 30 ಸೈಟೇಷನ್, ಅದರ ಕ್ಷೇತ್ರದ ಸರಾಸರಿ 20. ಇನ್ನೊಂದಕ್ಕೆ 3, ಸರಾಸರಿ 1. ಪ್ರತಿಯೊಂದರ ಅನುಪಾತ ತೆಗೆದು ಸರಾಸರಿ ಮಾಡಿದರೆ 1.5 ಮತ್ತು 3ರ ನಡು, ಅಂದರೆ 2.25. ಮೊದಲು ಕೂಡಿಸಿ ಆಮೇಲೆ ಭಾಗಿಸಿದರೆ 33/21, ಅಂದರೆ 1.57. ಎರಡನೆಯ ಕ್ರಮದಲ್ಲಿ ಹೆಚ್ಚು ಸೈಟೇಷನ್ ಬರುವ ಕ್ಷೇತ್ರ ಚಿಕ್ಕದನ್ನು ನುಂಗುತ್ತದೆ, ಹಾಗಾಗಿ ಮೊದಲನೆಯದೇ ಮೇಲು. ಆದರೂ ಒಂದೇ ಪೇಪರ್ ಇಡೀ ಸರಾಸರಿಯನ್ನು ಮೇಲೆತ್ತುವ ಅಪಾಯ ಉಳಿದೇ ಇರುತ್ತದೆ. ಅದಕ್ಕೇ ತಮ್ಮ ಕ್ಷೇತ್ರದ ಮೇಲಿನ 10 ಶೇಕಡಾದಲ್ಲಿ ಎಷ್ಟು ಪೇಪರ್ ಇವೆ ಎಂಬುದನ್ನು ಪಕ್ಕದಲ್ಲೇ ಕೊಡಿ. 400ರಲ್ಲಿ 40 ಇದ್ದರೆ ಸರಾಸರಿ ಮಟ್ಟ. ಒಬ್ಬೊಬ್ಬರ ಎಂಟು ಹತ್ತು ಪೇಪರಿಗೆ ಈ ಲೆಕ್ಕ ಹಾಕಬೇಡಿ, ಒಂದು ಪೇಪರ್ ಆಚೀಚೆಯಾದರೆ 10 ಶೇಕಡಾ ಜಿಗಿಯುತ್ತದೆ.

ಕಾಲಾವಧಿಯೂ ಎಲ್ಲಕ್ಕೂ ಒಂದೇ ಇರಲಿ: ಪ್ರಕಟವಾದ ವರ್ಷ ಮತ್ತು ನಂತರದ ಎರಡು ವರ್ಷ. 2018ರ ಪೇಪರಿಗೆ 2020ರ ಕೊನೆಯವರೆಗೆ, 2022ರದ್ದಕ್ಕೆ 2024ರ ಕೊನೆಯವರೆಗೆ. ಗಣಿತಕ್ಕೆ ಮೂರು ವರ್ಷ ಸಾಲದು ಎಂದು ತಕರಾರು ಬಂದೇ ಬರುತ್ತದೆ, ಅದು ನ್ಯಾಯವೇ. ಅವರಿಗಾಗಿ ಐದು ವರ್ಷದ ಅವಧಿಯ ಪ್ರತ್ಯೇಕ ಕೋಷ್ಟಕ ಮಾಡಬಹುದು, ಹಳೆಯ ಪೇಪರುಗಳಿಗೆ ಮಾತ್ರ.

ಇಂಪ್ಯಾಕ್ಟ್ ಫ್ಯಾಕ್ಟರ್ ಕಾಲಂ ಇದ್ದರೆ ಅಳಿಸಿ. ಅದು ಪತ್ರಿಕೆಯ ಅಳತೆ, ಪೇಪರಿನದ್ದಲ್ಲ.

ಪಟ್ಟಿಗಾರ:

ಮೂವರಿಗೂ ಧನ್ಯವಾದ. ಭಿನ್ನರಾಶಿ, ಸ್ಕೋಪಸ್, ಮೂರು ವರ್ಷ ಎಂದು ಬರೆದುಕೊಂಡೆ. ತಮ್ಮನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಕಳೆಯಬೇಕೇ?

ಡಿಒಐ_ದುರಸ್ತಿ:

ಕಳೆದದ್ದು, ಕಳೆಯದ್ದು ಎರಡೂ ಕಾಲಂ ಇಡಿ. ಆದರೆ ಯಾವ ವ್ಯಾಖ್ಯೆ ಎಂದು ತಲೆಬರಹದಲ್ಲೇ ಹೇಳಿ. ಎ, ಬಿ, ಸಿ ಮೂವರ ಪೇಪರನ್ನು ಮುಂದೆ ಬಿ ಒಬ್ಬರೇ ಬರೆದ ಪೇಪರ್ ಉಲ್ಲೇಖಿಸಿದೆ ಎನ್ನಿ. ಎ ಅವರ ದೃಷ್ಟಿಯಿಂದ ಅದು ಬೇರೆಯವರ ಸೈಟೇಷನ್. ಲೇಖಕರಲ್ಲಿ ಯಾರೊಬ್ಬರು ಸಮಾನವಾಗಿದ್ದರೂ ಸ್ವಯಂ ಉಲ್ಲೇಖ ಎಂಬ ವ್ಯಾಖ್ಯೆಯಲ್ಲಿ ಅದೂ ಹೋಗುತ್ತದೆ. ಸ್ಕೋಪಸ್‌ನ ಸೈಟೇಷನ್ ಓವರ್‌ವ್ಯೂನಲ್ಲಿ ಆಯ್ದ ಲೇಖಕರದ್ದು, ಎಲ್ಲ ಲೇಖಕರದ್ದು ಎಂದು ಎರಡು ಆಯ್ಕೆಗಳಿವೆ. ನಿಮಗೆ ಬೇಕಾದ್ದು ಎರಡನೆಯದು. ವೆಬ್ ಆಫ್ ಸೈನ್ಸ್‌ನ ಸೈಟೇಷನ್ ರಿಪೋರ್ಟಿನ ಅಂಕಿಯನ್ನು ಇದರ ಜೊತೆ ಬೆರೆಸಬೇಡಿ. ಅದು ನೀವು ಹುಡುಕಿ ತೆಗೆದ ಗುಂಪಿನೊಳಗಿನ ಪೇಪರುಗಳಿಂದ ಬಂದ ಸೈಟೇಷನ್ ಕಳೆಯುತ್ತದೆ. ಇಡೀ ನಿಕಾಯವನ್ನು ಒಟ್ಟಿಗೆ ಹುಡುಕಿದರೆ, ಜೊತೆಗೂಡಿ ಒಂದಕ್ಷರ ಬರೆಯದ ಸಹೋದ್ಯೋಗಿ ಉಲ್ಲೇಖಿಸಿದ್ದೂ ಕಳೆದುಹೋಗುತ್ತದೆ.