ನಲವತ್ತರ ಹತ್ತಿರ ಶಟಲ್ ಆಡೋಕೆ ಶುರು ಮಾಡ್ತಿದ್ದೀನಿ, ಪೆಟ್ಟಾಗದ ಹಾಗೆ ಏನು ಮಾಡಬೇಕು?

ಎಚ್‌ಎಸ್‌ಆರ್ ಲೇಔಟ್‌ನಿಂದ ಪ್ರಶ್ನೆ: ಕಾಲೇಜು ಬಿಟ್ಟ ಮೇಲೆ ರ‍್ಯಾಕೆಟ್ ಮುಟ್ಟಿಲ್ಲ. ಆಫೀಸಿನವರ ಜೊತೆ ಸಂಜೆ ಆಡೋಣ ಅಂತಿದ್ದೇನೆ. ನಮ್ಮಲ್ಲೊಬ್ಬರು ಆಗಲೇ ಕಾಲು ಉಳುಕಿಸಿಕೊಂಡು ಮನೆಯಲ್ಲಿದ್ದಾರೆ. ನಿಮ್ಮ ಅನುಭವ ಹೇಳಿ.

ಜಯನಗರದಿಂದ: ಮೊದಲು ಶೂ ನೋಡಿ ಸರ್. ರನ್ನಿಂಗ್ ಶೂ ಬೇಡವೇ ಬೇಡ. ಅದರ ಹಿಮ್ಮಡಿ ಎತ್ತರ, ಪಕ್ಕಕ್ಕೆ ಹಾರಿದಾಗ ಪಾದ ಹೊರಳುತ್ತದೆ. ಅಡಿಭಾಗ ಗಮ್ ರಬ್ಬರಿನದಾಗಿರುವ, ನೆಲದ ಮೇಲೆ ಗುರುತು ಬೀಳಿಸದ ನಾನ್ ಮಾರ್ಕಿಂಗ್ ಶೂ ತಗೊಳ್ಳಿ.

ಆಮೇಲೆ ವಾರ್ಮ್ ಅಪ್. ನಮ್ಮ ಬೆಂಗಳೂರಲ್ಲಿ ಕಷ್ಟ ಇರುವುದೇ ಇಲ್ಲಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕೂತು ಕೂತು ಕಾಲು ಮರಗಟ್ಟಿರುತ್ತದೆ. ಕೋರ್ಟ್ ತಲುಪುವಷ್ಟರಲ್ಲಿ ಬುಕ್ ಮಾಡಿದ ಗಂಟೆಯಲ್ಲಿ ಸ್ವಲ್ಪ ಹೋಗಿರುತ್ತದೆ. ದುಡ್ಡು ಕೊಟ್ಟಿದ್ದೀವಲ್ಲ ಅಂತ ಬ್ಯಾಗ್ ಇಟ್ಟವರೇ ಸ್ಮ್ಯಾಶ್ ಹೊಡೆಯೋಕೆ ನಿಲ್ಲುತ್ತಾರೆ! ವಾರ್ಮ್ ಅಪ್‌ಗೆ ಕೋರ್ಟ್ ಯಾಕೆ ಬೇಕು, ಪಾರ್ಕಿಂಗ್ ಜಾಗ ಸಾಕಲ್ವಾ? ಹತ್ತು ನಿಮಿಷ ನಿಧಾನವಾಗಿ ಓಡಿ, ಭುಜ ತಿರುಗಿಸಿ, ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸುವ ಲಂಜ್ ನಾಲ್ಕು ಹಾಕಿ. ಎಳೆದು ಹಿಡಿಯುವ ಸ್ಟ್ರೆಚ್ ಎಲ್ಲ ಆಟ ಮುಗಿದ ಮೇಲೆ.

ಮಲ್ಲೇಶ್ವರದಿಂದ: ಮೊಣಕೈ ನೋವು ನನಗೆ ಬಂದಿತ್ತು. ಫಿಸಿಯೋ ಮೊದಲು ಕೇಳಿದ್ದೇ ಗಟ್ ಟೆನ್ಷನ್, ಅಂದರೆ ರ‍್ಯಾಕೆಟ್ಟಿನ ದಾರ ಎಷ್ಟು ಬಿಗಿ ಅಂತ. ಚಾಂಪಿಯನ್‌ಗಳ ಹಾಗೆ 28 ಪೌಂಡ್ ಹಾಕಿಸುವುದು ಸುಮ್ನೆ ಶೋಕಿ. ಹೊಸಬರಿಗೆ 20–22 ಸಾಕು. ರ‍್ಯಾಕೆಟ್ಟಿನ ಹಿಡಿ ತೆಳ್ಳಗಿದ್ದರೆ ಗಟ್ಟಿಯಾಗಿ ಅದುಮುತ್ತೀರಿ, ಅದರ ಮೇಲೆ ಇನ್ನೊಂದು ಪಟ್ಟಿ, ಅಂದರೆ ಓವರ್‌ಗ್ರಿಪ್ ಸುತ್ತಿಸಿ. ಹೊಡೆಯುವ ಕ್ಷಣ ಬಿಟ್ಟರೆ ಬೆರಳು ಸಡಿಲವಾಗಿರಲಿ.

ಬಸವನಗುಡಿಯಿಂದ: ಕಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ. 2023ರಲ್ಲಿ ನಮ್ಮ ದೇಶದ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಹೊಡೆದ ಸ್ಮ್ಯಾಶ್ ಗಂಟೆಗೆ 565 ಕಿ.ಮೀ. ವೇಗದಲ್ಲಿ ಹೋಗಿ ಗಿನ್ನೆಸ್ ದಾಖಲೆ ಸೇರಿತು. ನಮ್ಮ ಅಪಾರ್ಟ್‌ಮೆಂಟ್ ವೀರರದ್ದು ಅಷ್ಟಿಲ್ಲ ಬಿಡಿ. ಆದರೂ ನೆಟ್ ಹತ್ತಿರ ನಿಂತವರಿಗೆ ರೆಪ್ಪೆ ಮುಚ್ಚಲೂ ಟೈಮ್ ಸಿಗಲ್ಲ. ಡಬಲ್ಸ್‌ನಲ್ಲಿ ಜೊತೆಗಾರರು ಹಿಂದಿನಿಂದ ಹೊಡೆಯುವಾಗ ತಿರುಗಿ ನೋಡಬೇಡಿ. ಪಾಲಿಕಾರ್ಬೊನೇಟ್ ಸ್ಪೋರ್ಟ್ಸ್ ಕನ್ನಡಕ ಇದ್ದರೆ ಒಳ್ಳೆಯದು. ಪೆಟ್ಟು ಬಿದ್ದರೆ ಕಣ್ಣು ಉಜ್ಜಬೇಡಿ. ನೋವು ಕಮ್ಮಿ ಆಯಿತು ಅಂತಲೂ ಬಿಡಬೇಡಿ, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಕೆ.ಆರ್. ಮಾರ್ಕೆಟ್ ಕಡೆಯವರಿಗೆ ಮಿಂಟೋ ಕಣ್ಣಾಸ್ಪತ್ರೆ ಹತ್ತಿರ.

ವಿಜಯನಗರದಿಂದ: ಹಿಮ್ಮಡಿ ಮೇಲೆ ಟಪ್ ಅಂತ ಸದ್ದಾಗಿ, ಯಾರೋ ಹಿಂದಿನಿಂದ ಒದ್ದ ಹಾಗೆ ಅನಿಸಿದರೆ ಅದು ಉಳುಕಲ್ಲ. ಆಕಿಲಿಸ್ ಸ್ನಾಯುರಜ್ಜು ಹರಿದಿರಬಹುದು. ಉಳುಕು ತೆಗೆಯುವವರ ಹತ್ತಿರ ಹೋಗಿ ತಿಕ್ಕಿಸಬೇಡಿ, ಕಾಲೂರದೆ ಸೀದಾ ಮೂಳೆ ಡಾಕ್ಟರ್ (ಆರ್ಥೋ) ಹತ್ತಿರ ಹೋಗಿ. ಎದೆ ಹಿಡಿದ ಹಾಗಾದರಂತೂ ಪಾಯಿಂಟ್ ಮುಗಿಸಲೂ ಕಾಯಬೇಡಿ.

ಜಯನಗರದಿಂದ ಮತ್ತೆ: ಒಂದು ಮರೆತಿದ್ದೆ. ಬುಕ್ ಮಾಡುವ ಮೊದಲು ಮ್ಯಾಟ್ ಕೆಳಗೆ ಮರ ಇದೆಯಾ, ಬರೀ ಸಿಮೆಂಟಾ ಅಂತ ಕೇಳಿ. ಸಿಮೆಂಟಾದರೆ ನೂರು ರೂಪಾಯಿ ಜಾಸ್ತಿ ಆದರೂ ಬೇರೆ ಕಡೆ ಹೋಗಿ, ಮಂಡಿಗೆ ಒಳ್ಳೆಯದು.