4 ಜಿಬಿ ಜೊತೆ 8 ಜಿಬಿ ರ‍್ಯಾಮ್ ಹಾಕಬಹುದಾ? ಅಂಗಡಿಯವರು ಬೇಡವೇ ಬೇಡ ಅಂದರು

ಬಸವನಹಳ್ಳಿ ಆಲ್ಬಮ್, ಚಿಕ್ಕಮಗಳೂರು:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಮದುವೆ ಫೋಟೋ ತೆಗೆಯುತ್ತಾನೆ, ನಾನು ಮನೆಯಲ್ಲೇ ಕೂತು ಆಲ್ಬಮ್ ಡಿಸೈನ್ ಮಾಡುತ್ತೇನೆ. ಕಂಪ್ಯೂಟರ್‌ನಲ್ಲಿ ಇಂಟೆಲ್ ಐ3 8100 ಪ್ರೊಸೆಸರ್, ಎಚ್310 ಮದರ್‌ಬೋರ್ಡ್, 4 ಜಿಬಿ ಡಿಡಿಆರ್4 ರ‍್ಯಾಮ್ ಒಂದೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಸ್ಲಾಟ್ ಎರಡಿದೆ, ಒಂದು ಖಾಲಿ. 12×36 ಇಂಚಿನ ಶೀಟ್ ತೆರೆದು ನಾಲ್ಕೈದು ಫೋಟೋ ಎಳೆದು ಹಾಕಿದರೆ ಸಾಕು, ಮೌಸ್ ಕೂಡ ಅಲ್ಲಾಡುವುದಿಲ್ಲ. ಸೇವ್ ಕೊಟ್ಟು ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬಂದರೂ ಇನ್ನೂ ತಿರುಗುತ್ತಲೇ ಇರುತ್ತದೆ.

ಖಾಲಿ ಸ್ಲಾಟಿಗೆ 8 ಜಿಬಿ ಒಂದು ಹಾಕೋಣ ಅಂತ ಅಂಗಡಿಗೆ ಹೋಗಿದ್ದೆ. 4 ಮತ್ತು 8 ಒಟ್ಟಿಗೆ ಹಾಕಿದರೆ ಬೋರ್ಡ್ ಸುಟ್ಟು ಹೋಗುತ್ತದೆ, ಹಳೆಯದನ್ನು ಬಿಸಾಕಿ ಎರಡು 8 ತಗೊಳ್ಳಿ ಅಂದರು. ಈಗ ಎರಡಕ್ಕೆ ದುಡ್ಡು ಹೊಂದಿಸುವುದು ಕಷ್ಟ. ಎರಡು ಮದುವೆ ಆಲ್ಬಮ್ ಬೇರೆ ಬಾಕಿ ಇದೆ, ಹುಡುಗಿ ಮನೆಯವರು ದಿನಾ ಫೋನ್ ಮಾಡುತ್ತಾರೆ. ನಿಜಕ್ಕೂ ಬೋರ್ಡ್ ಹೋಗುತ್ತದಾ?

ಸಾಲಗಾಮೆ ರಸ್ತೆ, ಹಾಸನ:

ಅಕ್ಕ, ಬೋರ್ಡ್ ಸುಡುವುದಿಲ್ಲ. ಧೈರ್ಯವಾಗಿ ಹಾಕಿ. 4 ಆಗಲಿ 8 ಆಗಲಿ, ಡಿಡಿಆರ್4 ರ‍್ಯಾಮ್‌ಗೆ ಬೇಕಾಗುವುದು ಅದೇ 1.2 ವೋಲ್ಟ್. ನೋಡಬೇಕಾದದ್ದು ತಲೆಮಾರು. ಡಿಡಿಆರ್3 ಬೇರೆ, ಡಿಡಿಆರ್4 ಬೇರೆ, ಡಿಡಿಆರ್5 ಬೇರೆ. ಕೆಳಗಡೆ ಒಂದು ಕಚ್ಚು ಇರುತ್ತದಲ್ಲ, ಅದು ಒಂದೊಂದರಲ್ಲಿ ಒಂದೊಂದು ಜಾಗದಲ್ಲಿ ಇರುತ್ತದೆ, ಹಾಗಾಗಿ ತಪ್ಪು ರ‍್ಯಾಮ್ ಸ್ಲಾಟಿನೊಳಗೆ ಕೂರುವುದೇ ಇಲ್ಲ. ಬಲವಂತ ಮಾಡಿ ಒತ್ತಿದರೆ ಮಾತ್ರ ಸ್ಲಾಟ್ ಮುರಿಯುತ್ತದೆ.

ಈಗ 4 ಜೊತೆ 8 ಹಾಕಿದರೆ ಏನಾಗುತ್ತದೆ ಅಂತ ಹೇಳುತ್ತೇನೆ. ನಿಮ್ಮ ಬೋರ್ಡಿನ ಎರಡು ಸ್ಲಾಟ್ ಎರಡು ಚಾನೆಲ್. ಎರಡೂ ಒಟ್ಟಿಗೆ ಓಡಿದರೆ ಡೇಟಾ ಹೋಗುವ ದಾರಿ ಎರಡರಷ್ಟು ಅಗಲ ಆಗುತ್ತದೆ. 2400ರ ವೇಗದಲ್ಲಿ ಒಂದು ಚಾನೆಲ್ ಸೆಕೆಂಡಿಗೆ 19.2 ಜಿಬಿ, ಎರಡು ಸೇರಿದರೆ 38.4 ಜಿಬಿ. ಅಳತೆ ಬೇರೆ ಬೇರೆ ಇದ್ದಾಗ ಇಂಟೆಲ್‌ನಲ್ಲಿ ಫ್ಲೆಕ್ಸ್ ಮೋಡ್ ಅಂತ ಒಂದಿದೆ. 4ರ ಪೂರ್ತಿ, 8ರಲ್ಲಿ 4, ಇವೆರಡು ಜೋಡಿಯಾಗಿ ಓಡುತ್ತವೆ. ಉಳಿದ 4 ಜಿಬಿ ಒಂಟಿಯಾಗಿ ಓಡುತ್ತದೆ. ಅಂದರೆ 12ರಲ್ಲಿ 8 ಜಿಬಿ ಪೂರ್ತಿ ವೇಗದಲ್ಲೇ ಸಿಗುತ್ತದೆ, ನಷ್ಟ ಎಲ್ಲಿ ಬಂತು? ಈಗ ನಿಮ್ಮದು ಒಂದೇ ರ‍್ಯಾಮ್, ಎಲ್ಲವೂ ಒಂಟಿ ದಾರಿಯಲ್ಲೇ ಹೋಗುತ್ತಿದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂದಿರಲ್ಲ, ಒಳಗಿರುವ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಹಂಚಿಕೊಂಡು ತಿನ್ನುತ್ತದೆ.

ಇನ್ನೊಂದು, ಅಂಗಡಿಯಲ್ಲಿ 3200 ವೇಗದ್ದು ಕೊಟ್ಟರೂ ತಗೊಳ್ಳಿ, ಆದರೆ ಅದಕ್ಕೆ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಐ3 8100 ರ‍್ಯಾಮನ್ನು 2400ಕ್ಕಿಂತ ಮೇಲೆ ಓಡಿಸುವುದಿಲ್ಲ, ಎರಡರಲ್ಲಿ ನಿಧಾನದ್ದು ಯಾವುದೋ ಅದರ ವೇಗಕ್ಕೇ ಇನ್ನೊಂದೂ ಇಳಿಯುತ್ತದೆ.

ಮೂಡಿಗೆರೆ ತೋಟ:

ನಾನು ಒಪ್ಪಲ್ಲ. ಕಳೆದ ಮಳೆಗಾಲದಲ್ಲಿ 8 ಜೊತೆ ಬೇರೆ ಕಂಪನಿಯ 16 ಹಾಕಿದ್ದೆ, ವಾರಕ್ಕೆ ಎರಡು ಸಲ ನೀಲಿ ಸ್ಕ್ರೀನ್ ಬಂದು ಕಂಪ್ಯೂಟರ್ ನಿಂತುಹೋಗುತ್ತಿತ್ತು. ಟೈಪ್ ಮಾಡಿದ್ದ ತೋಟದ ಲೆಕ್ಕವೆಲ್ಲ ಹೋಯಿತು. 16 ತೆಗೆದ ಮೇಲೆ ಸರಿಯಾಯಿತು. ಹಾಕುವುದಾದರೆ ಜೋಡಿನೇ ಹಾಕಿ.

ಸಾಲಗಾಮೆ ರಸ್ತೆ, ಹಾಸನ:

ಅಣ್ಣ, ನಿಮಗಾದ ತೊಂದರೆ ಸುಳ್ಳಲ್ಲ. ಒಂದೇ ಪ್ಯಾಕಿನ ಜೋಡಿಯನ್ನು ಕಂಪನಿಯವರೇ ಒಟ್ಟಿಗೆ ಪರೀಕ್ಷೆ ಮಾಡಿ ಕಳಿಸುತ್ತಾರೆ, ನಾವು ಸೇರಿಸಿದ್ದಕ್ಕೆ ಆ ಖಾತ್ರಿ ಇಲ್ಲ. ಆದರೆ ಅದು 8 ಮತ್ತು 16 ಅನ್ನೋ ಕಾರಣಕ್ಕೆ ಬಂದದ್ದಾ, 16 ಕೆಟ್ಟಿದ್ದರಿಂದ ಬಂದದ್ದಾ? 16 ಒಂದನ್ನೇ ಹಾಕಿ ಓಡಿಸಿ ನೋಡಿದ್ರಾ? ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್‌ನಲ್ಲಿ, ಎಕ್ಸ್ಎಂಪಿ ಆನ್ ಇತ್ತಾ? ಎಕ್ಸ್ಎಂಪಿ ಅನ್ನೋದು ಒಂದು ರ‍್ಯಾಮ್‌ನ ಹೆಚ್ಚಿನ ವೇಗದ ಸೆಟ್ಟಿಂಗ್, ಅದನ್ನು ಪಕ್ಕದವನ ಮೇಲೂ ಹೇರಿದರೆ ಅವನಿಗೆ ತಡೆಯೋಕೆ ಆಗದೆ ನೀಲಿ ಸ್ಕ್ರೀನ್ ಬರಬಹುದು. ಆಫ್ ಮಾಡಿ, ಪೆನ್ ಡ್ರೈವ್‌ಗೆ ಮೆಮ್‌ಟೆಸ್ಟ್86 ಅನ್ನೋ ರ‍್ಯಾಮ್ ಪರೀಕ್ಷೆಯ ಪ್ರೋಗ್ರಾಂ ಹಾಕಿಕೊಂಡು ಒಂದು ರಾತ್ರಿ ಓಡಿಸಿ. ಒಂದೇ ಒಂದು ಎರರ್ ಬಂದರೂ ಆ ರ‍್ಯಾಮ್ ಇಟ್ಟುಕೊಳ್ಳಬೇಡಿ, ವಾರಂಟಿ ಇದ್ದರೆ ಬದಲಿಸಿಕೊಳ್ಳಿ.

ಮೂಡಿಗೆರೆ ತೋಟ:

ಎಕ್ಸ್ಎಂಪಿ ಆನ್ ಇತ್ತು ಅಂತ ನೆನಪು. ಒಂದನ್ನೇ ಹಾಕಿ ನೋಡಿರಲಿಲ್ಲ. ಈ ಭಾನುವಾರ ನೋಡುತ್ತೇನೆ, ಕರೆಂಟ್ ಇದ್ದರೆ.

ಅರಸೀಕೆರೆ ಡಿಟಿಪಿ:

ನಾನೂ ಲಗ್ನಪತ್ರಿಕೆ, ಫ್ಲೆಕ್ಸ್ ಬ್ಯಾನರ್ ಮಾಡುವವನು, ಅದಕ್ಕೆ ಬರೆಯುತ್ತಿದ್ದೇನೆ. ಮೇಡಂ, ನಿಮ್ಮ ಶೀಟಿನ ಲೆಕ್ಕ ಹಾಕಿ ನೋಡಿ. 12×36 ಇಂಚು, 300 ಡಿಪಿಐ (ಇಂಚಿಗೆ 300 ಚುಕ್ಕಿ) ಅಂದರೆ 3600×10800 ಪಿಕ್ಸೆಲ್, ಹತ್ತಿರ ಹತ್ತಿರ 3.9 ಕೋಟಿ ಪಿಕ್ಸೆಲ್. ಒಂದು ಪಿಕ್ಸೆಲಿಗೆ 3 ಬೈಟ್ ಹಿಡಿದರೂ ಶೀಟ್ ತುಂಬುವ ಒಂದು ಲೇಯರ್‌ಗೇ ಸುಮಾರು 117 ಎಂಬಿ. ಹಿನ್ನೆಲೆ, ಫೋಟೋಗಳು, ನೆರಳು, ಅಕ್ಷರ, ಜೊತೆಗೆ ಅನ್‌ಡೂ ಮಾಡಲಿಕ್ಕೆ ಅದು ಹಿಂದಿನದನ್ನೂ ಇಟ್ಟುಕೊಂಡಿರುತ್ತದೆ. 4 ಜಿಬಿಯಲ್ಲಿ ವಿಂಡೋಸ್ ತನ್ನ ಪಾಲು ತಗೊಂಡ ಮೇಲೆ ನಿಮಗೆ ಉಳಿಯುವುದು ಎಷ್ಟು? ಸಾಲದೆ ಬಂದಾಗ ಹಾರ್ಡ್ ಡಿಸ್ಕಿನಲ್ಲಿ ಬರೆದು ಓದಿ ಮಾಡುತ್ತದೆ, ಮೌಸ್ ನಿಲ್ಲುವುದು ಆಗಲೇ. ಹಾಗಾಗಿ ನಿಮಗೆ ಜೋಡಿಗಿಂತ ಮುಖ್ಯ ಒಟ್ಟು ಎಷ್ಟು ಅನ್ನೋದು. 4+4 ಒಳ್ಳೆ ಜೋಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 4+8 ಹಾಕಿ. ಮುಂದೆ ದುಡ್ಡು ಬಂದಾಗ 4 ತೆಗೆದು ಇನ್ನೊಂದು 8 ಹಾಕಿ, ಇವತ್ತು ಕೊಂಡದ್ದು ದಂಡ ಆಗುವುದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ತರಿಸುವುದಾದರೆ ಜೋಪಾನ. ಸರ್ವರ್‌ನಿಂದ ಬಿಚ್ಚಿದ ಇಸಿಸಿ ರಿಜಿಸ್ಟರ್ಡ್ ರ‍್ಯಾಮ್ ಅಗ್ಗಕ್ಕೆ ಸಿಗುತ್ತದೆ, ಅದೂ ಡಿಡಿಆರ್4 ಅಂತಲೇ ಬರೆದಿರುತ್ತದೆ, ಆದರೆ ನಿಮ್ಮ ಬೋರ್ಡಿನಲ್ಲಿ ನಡೆಯುವುದಿಲ್ಲ. ಲ್ಯಾಪ್‌ಟಾಪಿನದು ಗಿಡ್ಡ, ಅದೂ ಆಗುವುದಿಲ್ಲ.

ಬಸವನಹಳ್ಳಿ ಆಲ್ಬಮ್, ಚಿಕ್ಕಮಗಳೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೇರೆ ಅಂಗಡಿಯಲ್ಲಿ 8 ಜಿಬಿ, 2666 ವೇಗದ್ದು, ಹೊಸದೇ ಸಿಕ್ಕಿತು, ಆಗದಿದ್ದರೆ ವಾಪಸ್ ತಗೊಳ್ಳುತ್ತೇವೆ ಅಂದರು. ನಿನ್ನೆ ಸಂಜೆ ನಾನು, ತಮ್ಮ ಸೇರಿ ಹಾಕಿದೆವು. ಮೊದಲು ಸ್ಕ್ರೀನೇ ಬರಲಿಲ್ಲ, ಫ್ಯಾನ್ ಮಾತ್ರ ತಿರುಗುತ್ತಿತ್ತು. ಅಂಗಡಿಯವರು ಹೇಳಿದ್ದೇ ನಿಜವಾಯಿತು ಅಂತ ಎದೆ ಧಸಕ್ ಅಂದಿತು.

ಆಮೇಲೆ ಪ್ಲಗ್ ತೆಗೆದು, ಪವರ್ ಬಟನ್ ಒಂದು ಸಲ ಒತ್ತಿ ಒಳಗೆ ಉಳಿದಿದ್ದ ಕರೆಂಟ್ ಖಾಲಿ ಮಾಡಿ, ಎರಡನ್ನೂ ಬಿಚ್ಚಿದೆವು. ಹಳೆಯದರ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು, ನಮ್ಮ ಮಳೆಯ ತೇವ ಎಲ್ಲಿ ಬಿಡುತ್ತದೆ ಹೇಳಿ. ತಮ್ಮ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿದ. ಈ ಸಲ ಎರಡೂ ತುದಿ ಟಕ್ ಅಂತ ಕೇಳುವ ತನಕ ಒತ್ತಿದೆವು. ಮೊದಲ ಸಲ ಒಂದು ತುದಿ ಪೂರ್ತಿ ಕೂತಿರಲಿಲ್ಲ ಅನಿಸುತ್ತದೆ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಈಗ 12 ಜಿಬಿ, ವೇಗ 2400, ಸ್ಲಾಟ್ 2ರಲ್ಲಿ 2 ಅಂತ ತೋರಿಸುತ್ತಿದೆ. ರಾತ್ರಿ ಮೆಮ್‌ಟೆಸ್ಟ್ ಹಾಕಿ ಮಲಗಿದೆ, ಬೆಳಿಗ್ಗೆ ನೋಡಿದರೆ ಎರರ್ ಸೊನ್ನೆ. ಅದೇ ಶೀಟ್ ತೆರೆದು ಒಂಬತ್ತು ಫೋಟೋ ಹಾಕಿದೆ, ಎಲ್ಲೂ ನಿಲ್ಲಲಿಲ್ಲ. ಸೇವ್ ಮಾತ್ರ ಇನ್ನೂ ಸ್ವಲ್ಪ ನಿಧಾನ.

ಅರಸೀಕೆರೆ ಡಿಟಿಪಿ:

ಸೇವ್ ನಿಧಾನ ಅಂದರೆ ಅದು ಹಾರ್ಡ್ ಡಿಸ್ಕಿನ ಕೆಲಸ, ರ‍್ಯಾಮ್‌ದಲ್ಲ. ಮುಂದಿನ ಆಲ್ಬಮ್ ದುಡ್ಡಿನಲ್ಲಿ ಇನ್ನೊಂದು 8 ಜಿಬಿ ತರುವ ಮೊದಲು ಹಾರ್ಡ್ ಡಿಸ್ಕಿಗಿಂತ ವೇಗವಾಗಿ ಬರೆದು ಓದುವ ಎಸ್ಎಸ್‌ಡಿ ಒಂದು ತನ್ನಿ ಮೇಡಂ. ಮೊದಲು ಆ ಎರಡು ಆಲ್ಬಮ್ ಮುಗಿಸಿ ಕೊಡಿ, ಹುಡುಗಿ ಮನೆಯವರು ಕಾಯುತ್ತಿದ್ದಾರೆ.