ಪದಚರ್ಚೆ: ವಾಲ್ವ್ ‘ಕೆಂಪಾಗುವುದು’, ಆಂಪ್ಲಿಫೈಯರ್ ‘ಆರುವುದು’

ಎರಡು ಸಾದಾ ಕ್ರಿಯಾಪದಗಳು ನನ್ನನ್ನು ಸಿಕ್ಕಿಸಿಹಾಕಿವೆ. ಬಲ್ಲವರು ಬಿಡಿಸಬೇಕು.

ಇಳಕಲ್ಲಿನಲ್ಲಿರುವ ಅಕ್ಕನ ಮಗನಿಗೆ ನಾನೇ ಜೋಡಿಸಿದ ವಾಲ್ವ್ ಆಂಪ್ಲಿಫೈಯರ್ (ಗಾಜಿನ ನಳಿಕೆಗಳಿಂದ ಧ್ವನಿಯನ್ನು ದೊಡ್ಡದು ಮಾಡುವ ಯಂತ್ರ) ಒಂದನ್ನು ಕೊಟ್ಟಿದ್ದೆ. ಮುಂದೆ ಒಂದು ಇಸಿಸಿ83 ವಾಲ್ವ್, ಹಿಂದೆ ಎಡಕ್ಕೊಂದು ಬಲಕ್ಕೊಂದು ಇಎಲ್84 ವಾಲ್ವ್. ಕಳೆದ ವಾರ ಸಂಜೆ ಫೋನ್ ಬಂತು. “ಮಾಮಾ, ಎಡಗಡೆಯ ವಾಲ್ವ್ ಕೆಂಪಾಗಿದೆ. ಇರಲೋ, ಬಂದ್ ಮಾಡಲೋ?” ನಾನು ಬಾಗಲಕೋಟೆಯಲ್ಲಿ ಊಟಕ್ಕೆ ಕುಳಿತಿದ್ದೆ. “ಕೆಂಪಾಗದೆ ಹಾಡುತ್ತದೇನಪ್ಪ? ಇರಲಿ” ಎಂದುಬಿಟ್ಟೆ. ಅರ್ಧ ಗಂಟೆಯಲ್ಲಿ ಆ ವಾಲ್ವಿನ ಕಥೆ ಮುಗಿಯಿತು. ‘ಎಡಗಡೆಯದು’ ಎಂದು ಒಂದನ್ನೇ ಬೆರಳು ಮಾಡಿ ತೋರಿಸಿದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವನ ಮಾತೂ ತಪ್ಪಲ್ಲ, ನನ್ನ ಮಾತೂ ತಪ್ಪಲ್ಲ. ಇಬ್ಬರೂ ಎರಡು ಬೇರೆ ಕೆಂಪುಗಳ ಬಗ್ಗೆ ಮಾತನಾಡುತ್ತಿದ್ದೆವು.

ವಾಲ್ವಿನ ನಡುಮಧ್ಯೆ, ಕ್ಯಾಥೋಡ್ ಎಂಬ ಸಣ್ಣ ಕೊಳವೆಯೊಳಗೆ ಹೀಟರ್ ಇರುತ್ತದೆ. 6.3 ವೋಲ್ಟ್ ಸಿಕ್ಕರೆ ಅದು ಕಾದು ಬೆಳಗುತ್ತದೆ. ಮೇಲಿನಿಂದ ಇಣುಕಿದರೆ ಗಜ್ಜರಿ ಬಣ್ಣದ ಒಂದು ಚುಕ್ಕೆ ಕಾಣುತ್ತದೆ. ಇದು ಇರಲೇಬೇಕಾದ ಕೆಂಪು. ಅದನ್ನು ಸುತ್ತುವರಿದ ಬೂದುಬಣ್ಣದ ಪೆಟ್ಟಿಗೆಯೇ ಪ್ಲೇಟ್, ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಬಂದು ಸೇರುವ ತಗಡು. ಅದು ಎಂದಿಗೂ ಬೂದುಬಣ್ಣದಲ್ಲಿಯೇ ಇರಬೇಕು. ದೀಪ ತೆಗೆದು ಕತ್ತಲೆ ಮಾಡಿ ನೋಡಿದಾಗ ಅದರ ಪಕ್ಕೆಯಲ್ಲಿ ದಾಳಿಂಬೆ ಬಣ್ಣದ ಮಬ್ಬು ಕಲೆ ಮೂಡಿದ್ದರೆ ಆ ಕ್ಷಣವೇ ಬಂದ್ ಮಾಡಬೇಕು. ಇಎಲ್84ರ ಪ್ಲೇಟ್ ತಾಳುವುದು 12 ವಾಟ್, ಅಂದರೆ 250 ವೋಲ್ಟಿಗೆ 48 ಮಿಲಿಆಂಪಿಯರ್. ನಾನು ಹೋಗಿ ಬೇರೆ ವಾಲ್ವ್ ಹಾಕಿ ಅಳೆದಾಗ ಕ್ಯಾಥೋಡಿನ 135 ಓಮ್ ರೆಸಿಸ್ಟರಿನ ಮೇಲೆ 7 ವೋಲ್ಟ್ ಇರಬೇಕಾದಲ್ಲಿ 11 ಇತ್ತು. ಲೆಕ್ಕ ಹಾಕಿದರೆ ಪ್ಲೇಟಿನ ಮೇಲೆ ಸುಮಾರು 17 ವಾಟ್. ಮುಂದಿನ ವಾಲ್ವಿನಿಂದ ಹಿಂದಿನದಕ್ಕೆ ಧ್ವನಿಯನ್ನಷ್ಟೇ ದಾಟಿಸಬೇಕಾದ ಹಳೆಯ ಕಪ್ಲಿಂಗ್ ಕಂಡೆನ್ಸರ್ ಸೋರಿ, ವಿದ್ಯುತ್ತಿನ ಹರಿವನ್ನು ಹಿಡಿತದಲ್ಲಿಡುವ ಗ್ರಿಡ್ಡಿಗೆ ಧನ ವೋಲ್ಟೇಜ್ ಹತ್ತಿಸಿತ್ತು, ಬಯಾಸ್ (ಗ್ರಿಡ್ಡಿಗೆ ಮೊದಲೇ ಗೊತ್ತುಮಾಡಿದ ವೋಲ್ಟೇಜ್) ಕೆಟ್ಟಿತ್ತು. (ನಿಘಂಟಿನಲ್ಲಿ ಬಯಾಸ್ ಎಂದರೆ ‘ಪಕ್ಷಪಾತ’! ಬಿತ್ತನೆಗೆ ಮೊದಲು ನೋಡುವ ‘ಹದ’ ಇದಕ್ಕೆ ಎಷ್ಟೋ ಹತ್ತಿರ.)

ಅವನಿಗೆ ಈಗ ಒಂದು ಹಾಳೆ ಬರೆದುಕೊಡುತ್ತಿದ್ದೇನೆ. ಇಳಕಲ್ಲಿನವನಿಗೆ ಗಜ್ಜರಿ, ದಾಳಿಂಬೆ ಎಂದು ಬಣ್ಣದಲ್ಲೇ ಹೇಳಿದರೆ ಸಾಕಲ್ಲವೇ ಎಂದು ಮೊದಲು ಅನಿಸಿತ್ತು. ಸೀರೆಯ ಕೆಂಪನ್ನು ಅಲ್ಲಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಪ್ಲೇಟ್ ಇನ್ನೂ ಕಾದರೆ ಅದೂ ಗಜ್ಜರಿ ಬಣ್ಣಕ್ಕೇ ತಿರುಗುತ್ತದೆ. ಆದ್ದರಿಂದ ಪದವು ಬಣ್ಣವನ್ನಲ್ಲ, ಜಾಗವನ್ನು ಹೇಳಬೇಕು. ‘ಬತ್ತಿ ಹತ್ತಿದೆ’ ಎಂದರೆ ಹೀಟರ್, ‘ತಗಡು ಕೆಂಪಾಗಿದೆ’ ಎಂದರೆ ಪ್ಲೇಟ್ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಪ್ಲೇಟಿಗೆ ಪಠ್ಯಪುಸ್ತಕ ಕೊಡುವ ‘ಧನಾಗ್ರ’ವನ್ನು ಫೋನಿನಲ್ಲಿ ಗಾಬರಿಯಾಗಿರುವ ಹುಡುಗ ಹೇಳಲಾರ. ವಾಲ್ವಿಗೆ ‘ನಿರ್ವಾತ ನಳಿಕೆ’ ಎನ್ನುವುದನ್ನೂ ಕೈಬಿಟ್ಟೆ. 1904ರಲ್ಲಿ ಬ್ರಿಟಿಷ್ ವಿಜ್ಞಾನಿ ಫ್ಲೆಮಿಂಗ್ ಇದನ್ನು ವಾಲ್ವ್ ಎಂದು ಕರೆದದ್ದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತದೆ ಎಂದು. ಆ ಅರ್ಥಕ್ಕೆ ಹೃದಯದ ‘ಕವಾಟ’ವೇ ಸರಿಹೋಗುತ್ತಿತ್ತು, ಆದರೆ ಕಾಲ ಮಿಂಚಿತು.

ಇನ್ನು ‘ಆರು’. ಇದು ಹೆಚ್ಚು ಅಪಾಯದ ಪದ. ಹಾಳೆಯಲ್ಲಿ ‘ಆರಿದ ಮೇಲೆ ಒಳಗೆ ಕೈ ಹಾಕು’ ಎಂದು ಬರೆದು, ಓದಿ, ಹೊಡೆದುಹಾಕಿದೆ. ದೀಪ ಆರುತ್ತದೆ, ಹಾಲು ಆರುತ್ತದೆ, ಬಟ್ಟೆ ಆರುತ್ತದೆ, ಗಾಯವೂ ಆರುತ್ತದೆ. ವಾಲ್ವಿನ ಬೆಳಕು ಆರಿರಬಹುದು, ಗಾಜು ಮುಟ್ಟುವಷ್ಟು ಆರಿರಬಹುದು. ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಪವರ್ ಸಪ್ಲೈ ಕಂಡೆನ್ಸರಿನಲ್ಲಿ ಮಾತ್ರ 250 ವೋಲ್ಟ್ ಕುಳಿತೇ ಇರಬಹುದು. ವಾಲ್ವ್ ಕಾದಿರುವಾಗ ಬಂದ್ ಮಾಡಿದರೆ ಅದೇ ಆ ವಿದ್ಯುತ್ತನ್ನು ಬೇಗ ಹೀರಿಬಿಡುತ್ತದೆ. ವಾಲ್ವುಗಳನ್ನೆಲ್ಲ ಕಿತ್ತು ಇಟ್ಟಾಗಲೇ ಮೋಸ, ಏಕೆಂದರೆ ಹೀರುವವರು ಯಾರೂ ಇಲ್ಲ. ಹುಡುಗ ಒಳಗೆ ಕೈ ಹಾಕುವುದೂ ಅಂಥ ಹೊತ್ತಿನಲ್ಲಿಯೇ.

‘ಇಳಿ’ ಎನ್ನೋಣವೇ? ಮೊಬೈಲಿನ ಚಾರ್ಜ್ ಇಳಿಯಿತು ಎಂದು ಎಲ್ಲರೂ ಅನ್ನುತ್ತೇವೆ. ಆದರೆ ನೂರರಿಂದ ಎಂಬತ್ತಕ್ಕೆ ಬಂದರೂ ಅದು ಇಳಿದಂತೆಯೇ. ‘ಬತ್ತು’ ಎಂದರೆ ಮೇಲಿನ ‘ಬತ್ತಿ’ ಅಡ್ಡ ಬರುತ್ತದೆ. ನನಗೆ ಒಪ್ಪಿದ್ದು ‘ಇಂಗು’. ಕಂಡೆನ್ಸರಿನ ಎರಡು ತುದಿಗೆ 220 ಕಿಲೋಓಮ್ ರೆಸಿಸ್ಟರ್ ಕಟ್ಟಿದರೆ 47 ಮೈಕ್ರೋಫ್ಯಾರಡ್ಡಿನ ಚಾರ್ಜ್ ಒಮ್ಮೆಲೇ ಸುರಿಯದೆ ಸುಮಾರು ಒಂದು ನಿಮಿಷದಲ್ಲಿ ಇಂಗುತ್ತದೆ. ಹೊಲದಲ್ಲಿ ನಿಂತ ನೀರು ಇಂಗುವುದಕ್ಕೆ ಕಾದು ನಿಂತವರಿಗೆ ಈ ಪದದೊಳಗೇ ‘ತಡಿ’ ಎಂಬ ಎಚ್ಚರಿಕೆ ಕೇಳಿಸುತ್ತದೆ. ಹಾಳೆಯಲ್ಲಿ ಈಗಿರುವ ವಾಕ್ಯ: ‘ಪ್ಲಗ್ ಕಿತ್ತು, ಇಂಗಲು ಬಿಟ್ಟು, ಇಂಗಿತೇ ಎಂದು ಮೀಟರಿನಲ್ಲಿ ನೋಡಿ, ಆಮೇಲೆ ಮುಟ್ಟು.’

ನನ್ನ ಪ್ರಶ್ನೆಗಳು ಇಷ್ಟೇ. ಹಳೆಯ ರೇಡಿಯೋ ರಿಪೇರಿ ಅಂಗಡಿಗಳಲ್ಲಿ ಪ್ಲೇಟ್ ಕೆಂಪಾಗುವುದಕ್ಕೆ ಬೇರೆ ಮಾತು ಇತ್ತೇ? ಕುಲುಮೆಯಲ್ಲಿ ಕಬ್ಬಿಣ ಕಾಸುವವರು ಕೆಂಪಿನ ಹಂತಗಳನ್ನು ಏನೇನು ಹೆಸರಿನಿಂದ ಗುರುತಿಸುತ್ತಾರೆ? ವಿದ್ಯುತ್ತಿಗೆ ‘ಇಂಗು’ ಬಳಸಿದ್ದು ನಿಮ್ಮ ಕಿವಿಗೆ ಒರಟಾಗಿ ಕೇಳುತ್ತದೆಯೇ? ಅಳಿಯ ಬರುವ ಭಾನುವಾರ ಹಾಳೆ ಒಯ್ಯಲು ಬರುತ್ತಾನೆ. ಅಷ್ಟರೊಳಗೆ ಉತ್ತರಿಸಿದರೆ ತಿದ್ದಿಕೊಡುತ್ತೇನೆ.